ಅದನ್ನು ನಾನು ‘ಕ್ರ್ಯಾಕ್’ ಮಾಡಿದ್ದಲ್ಲ

ಮೊನ್ನೆ ಭಾನುವಾರ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಾ ಕೂತಿದ್ದೆ. ಪಕ್ಕದ ಬೀದಿಯ ಹುಡುಗ, ಇಂಜಿನಿಯರಿಂಗ್ ಮೂರನೇ ವರ್ಷ, ಅವನ ಅಮ್ಮನ ಜೊತೆ ಬಂದ. ಆಕೆ ಕೂತು ಒಂದು ಲೋಟ ನೀರು ಕುಡಿಯುವ ಮೊದಲೇ ಶುರು ಮಾಡಿದರು, "ಇವನಿಗೂ ಸ್ವಲ್ಪ ಹೇಳಿಕೊಡವಾ, ಆ ನಿನ್ನ ಡಾಲರ್ ಪರೀಕ್ಷೆ." ಹುಡುಗ ಮುಜುಗರಪಟ್ಟುಕೊಂಡು "ಪರೀಕ್ಷೆ ಅಲ್ಲಮ್ಮಾ ಅದು" ಅಂತ ತಿದ್ದಿ, ನನ್ನ ಕಡೆ ತಿರುಗಿದ.

"ಅಕ್ಕಾ, ನೀವು ಔಟ್‌ರೀಚಿ ಹೆಂಗ್ ಕ್ರ್ಯಾಕ್ ಮಾಡಿದ್ರಿ? ನಾನು ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ಹಾಕ್ಬೇಕು ಅಂತಿದೀನಿ. ನಿಮ್ ಅಪ್ಲಿಕೇಶನ್ ಒಂದ್ ಕಾಪಿ ಕೊಡ್ತೀರಾ?"

ಪಾಪ, ಅವನ ತಪ್ಪೇನಿಲ್ಲ. ಸಿಇಟಿ ಕ್ರ್ಯಾಕ್, ನೀಟ್ ಕ್ರ್ಯಾಕ್, ಕೆಎಎಸ್ ಕ್ರ್ಯಾಕ್ ಅಂತ ಊರ ತುಂಬ ಬೋರ್ಡುಗಳನ್ನು ನೋಡಿಕೊಂಡೇ ಬೆಳೆದ ಹುಡುಗ. ನಮ್ಮ ಕಾಲದಲ್ಲಿ ‘ಪಾಸಾಗೋದು’ ಅಂತಿದ್ದರು, ಈಗ ಎಲ್ಲವನ್ನೂ ಒಡೆಯಬೇಕು. ನಮ್ಮನೆಯಲ್ಲಿ ಒಡೆಯೋದು ತೆಂಗಿನಕಾಯಿ ಒಂದೇ, ಅದೂ ಸರಿಯಾಗಿ ಎರಡು ಹೋಳಾಗೋದು ಅಪರೂಪ :-)

ಅವನಿಗೆ ಅವತ್ತು ಏನೋ ಒಂದಿಷ್ಟು ಹೇಳಿ ಕಳಿಸಿದೆ. ಹೇಳಬೇಕಾದ್ದು ಹೇಳಲಿಲ್ಲ ಅಂತ ಅನ್ನಿಸುತ್ತಲೇ ಇತ್ತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದೀತು, ತಾಳ್ಮೆ ಇರಲಿ.

ಗೊತ್ತಿಲ್ಲದವರಿಗೆ ಎರಡು ಮಾತು. ಓಪನ್ ಸೋರ್ಸ್ ತಂತ್ರಾಂಶ ಅಂದರೆ ಅದರ ಕೋಡ್ ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಫೈರ್‌ಫಾಕ್ಸ್, ಲಿನಕ್ಸ್, ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿ, ಎಲ್ಲ ಹಾಗೇ. ಇಂಥ ಪ್ರಾಜೆಕ್ಟುಗಳಿಗೆ ಹೊಸಬರನ್ನು ಕರೆತರಲು ಗೂಗಲ್‌ನವರು 2005ರಲ್ಲಿ ಸಮ್ಮರ್ ಆಫ್ ಕೋಡ್ ಶುರು ಮಾಡಿದರು. ಮೊದಲ ವರ್ಷವೇ ಎಂಟು ಸಾವಿರಕ್ಕೂ ಹೆಚ್ಚು ಅರ್ಜಿ ಬಂದು ಸುಮಾರು 400 ಜನ ಆಯ್ಕೆಯಾದರು. 2021ರ ತನಕ ಅದು ವಿದ್ಯಾರ್ಥಿಗಳಿಗೆ ಮಾತ್ರ ಇತ್ತು. 2022ರಿಂದ ಹದಿನೆಂಟು ದಾಟಿದ, ಓಪನ್ ಸೋರ್ಸಿಗೆ ಹೊಸಬರಾದ ಯಾರು ಬೇಕಾದರೂ ಅರ್ಜಿ ಹಾಕಬಹುದು ಅಂತ ಮಾಡಿದರು.

ಔಟ್‌ರೀಚಿಯ ಕಥೆ ಬೇರೆ, ಮತ್ತು ನನಗೆ ಅದು ಬಹಳ ಇಷ್ಟವಾದ ಕಥೆ. 2006ರಲ್ಲಿ ಗ್ನೋಮ್ ಅನ್ನುವ ಯೋಜನೆಗೆ (ಲಿನಕ್ಸ್ ಹಾಕಿದರೆ ಕಾಣುವ ಡೆಸ್ಕ್‌ಟಾಪ್ ಇದೆಯಲ್ಲ, ಅದರವರು) ಸಮ್ಮರ್ ಆಫ್ ಕೋಡ್ ಮೂಲಕ 181 ಅರ್ಜಿಗಳು ಬಂದವು. ಅದರಲ್ಲಿ ಹೆಂಗಸರು ಎಷ್ಟು ಜನ ಗೊತ್ತಾ? ಸೊನ್ನೆ. ಒಬ್ಬಳೂ ಇಲ್ಲ. "ಹೆಣ್ಮಕ್ಕಳಿಗೆ ಆಸಕ್ತಿ ಇಲ್ಲ, ನಾವೇನು ಮಾಡೋಣ" ಅಂತ ಕೈ ತೊಳೆದುಕೊಳ್ಳಬಹುದಿತ್ತು. ಅವರು ಹಾಗೆ ಮಾಡದೆ ಅದೇ ಬೇಸಿಗೆಯಲ್ಲಿ ಹೆಂಗಸರಿಗಾಗಿಯೇ ಒಂದು ಪುಟ್ಟ ಇಂಟರ್ನ್‌ಶಿಪ್ ಪ್ರಕಟಿಸಿದರು. ನೂರರ ಹತ್ತಿರ ಅರ್ಜಿ ಬಂದವು! ಅದೇ ವರ್ಷ, ಅದೇ ಪ್ರಾಜೆಕ್ಟ್. ವ್ಯತ್ಯಾಸ ಇಷ್ಟೇ, ಈ ಸಲ "ಇದು ನಿಮಗೆ" ಅಂತ ಹೆಸರು ಹಿಡಿದು ಕರೆದಿದ್ದರು. 2010ರಲ್ಲಿ ಮರೀನಾ ಝುರಾಖಿನ್ಸ್ಕಾಯಾ ಅನ್ನುವವರು ಅದಕ್ಕೆ ಮತ್ತೆ ಜೀವ ಕೊಟ್ಟರು, 2015ರಲ್ಲಿ ಔಟ್‌ರೀಚಿ ಅನ್ನುವ ಹೆಸರು ಬಂತು. ಹೆಂಗಸರಿಗೆ ಮಾತ್ರ ಅನ್ನುವುದೂ ಹೋಗಿ, ತಮ್ಮ ದೇಶದ ತಂತ್ರಜ್ಞಾನ ಕ್ಷೇತ್ರದಲ್ಲಿ ತಾರತಮ್ಯಕ್ಕೆ ಸಿಕ್ಕಿದ ಎಲ್ಲರಿಗೂ ಬಾಗಿಲು ತೆರೆಯಿತು. ಮರೀನಾ 2022ರಲ್ಲಿ ತೀರಿಕೊಂಡರು. ಅವರು ಹೋದ ಮರುವರ್ಷವೇ ನಾನು ಆ ಬಾಗಿಲಿನಿಂದ ಒಳಗೆ ಹೋದೆ.

ಆಯ್ಕೆ ಅನ್ನುವುದು ಅಪ್ಲಿಕೇಶನ್ನಿನಿಂದ ಶುರುವಾಗುವುದಿಲ್ಲ, ಯಾರೋ ಕರೆಯುವುದರಿಂದ ಶುರುವಾಗುತ್ತದೆ ಅಂತ ನಾನು ಹೇಳುವುದು ಈ ಕಥೆಯಿಂದ ಮಾತ್ರ ಅಲ್ಲ. ನನ್ನದೂ ಹಾಗೇ ಆಯಿತು. ಬಿಸಿಎ ಮುಗಿಸಿ ಬೆಂಗಳೂರಲ್ಲಿ ಎರಡು ವರ್ಷ ಟೆಸ್ಟಿಂಗ್ ಕೆಲಸ ಮಾಡಿದ್ದೆ. ಮಗಳು ಹುಟ್ಟಿದಳು, ದಾವಣಗೆರೆಗೆ ಬಂದೆವು, ನೋಡನೋಡುತ್ತ ಐದು ವರ್ಷ ಕಳೆಯಿತು. ಸಮ್ಮರ್ ಆಫ್ ಕೋಡ್ ಅಂದರೆ ಐಐಟಿ ಹುಡುಗರದ್ದು ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಹಳೇ ಆಫೀಸಿನ ಗೆಳತಿಯೊಬ್ಬಳು 2023ರ ಜನವರಿಯಲ್ಲಿ ವಾಟ್ಸಾಪಿನಲ್ಲಿ ಒಂದು ಲಿಂಕ್ ಕಳಿಸಿ, "ಇದನ್ನ ನಿನಗೇ ಬರೆದ ಹಾಗಿದೆ ನೋಡೇ" ಅಂದಳು. ಅವಳು ಕಳಿಸದೇ ಇದ್ದಿದ್ದರೆ? ನಾನಂತೂ ಹುಡುಕಿಕೊಂಡು ಹೋಗುತ್ತಿರಲಿಲ್ಲ.

ಮೊದಲ ಹಂತದಲ್ಲಿ ಕೋಡ್ ಇಲ್ಲ, ಪ್ರಬಂಧಗಳು. ನಿಮ್ಮ ದೇಶದ ಈ ಕ್ಷೇತ್ರದಲ್ಲಿ ನಿಮ್ಮಂಥವರು ಯಾಕೆ ಕಡಿಮೆ, ಕಲಿಯುವಾಗ ನೀವು ಎಂಥ ತಾರತಮ್ಯ ಎದುರಿಸಿದಿರಿ, ಕೆಲಸಕ್ಕೆ ಹೋದರೆ ಏನು ಎದುರಿಸಬೇಕಾದೀತು.. ಈ ಥರ. ಇಲ್ಲೇ ನಾನು ಮೂರು ದಿನ ನಿಂತುಬಿಟ್ಟೆ. ಯಾಕೆಂದರೆ ನನಗೆ ಏನೂ ಆಗಿಲ್ಲ ಅಂತಲೇ ನಾನು ನಂಬಿದ್ದೆ! ನಮ್ಮಲ್ಲಿ ಅದಕ್ಕೆ ತಾರತಮ್ಯ ಅಂತ ಹೆಸರಿಲ್ಲವಲ್ಲ, ‘ಅಡ್ಜಸ್ಟ್ ಮಾಡ್ಕೊಳೋದು’ ಅಂತ ಹೆಸರು. ಕಾಲೇಜಿನಲ್ಲಿ ಲ್ಯಾಬ್ ಸಂಜೆ ಏಳರ ತನಕ ತೆರೆದಿರುತ್ತಿತ್ತು, ಹುಡುಗಿಯರ ಹಾಸ್ಟೆಲ್ ಗೇಟು ಆರಕ್ಕೆ ಮುಚ್ಚುತ್ತಿತ್ತು. ಆ ಒಂದು ಗಂಟೆ ಮೂರು ವರ್ಷಕ್ಕೆ ಎಷ್ಟಾಯಿತು ಅಂತ ನಾನು ಲೆಕ್ಕ ಹಾಕಿದ್ದು ಆ ಪ್ರಬಂಧ ಬರೆಯುವಾಗಲೇ. ಮಗಳಿಗೆ ಎರಡು ವರ್ಷವಾದಾಗ ಒಂದು ಕಂಪನಿಯ ಇಂಟರ್ವ್ಯೂಗೆ ಹೋಗಿದ್ದೆ. ನಲವತ್ತು ನಿಮಿಷದಲ್ಲಿ ಕೆಲಸದ ಬಗ್ಗೆ ಕೇಳಿದ್ದು ಹತ್ತು ನಿಮಿಷ. ಉಳಿದದ್ದೆಲ್ಲ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಎರಡನೆಯದರ ಯೋಚನೆ ಇದೆಯಾ, ಗಂಡನಿಗೆ ಬೇರೆ ಊರಿಗೆ ವರ್ಗ ಆದರೆ ಏನು ಮಾಡ್ತೀರಿ. ಮನೆಗೆ ಬಂದು ಇವರಿಗೆ ಹೇಳಿದರೆ "ಎಲ್ಲಾ ಕಡೆ ಕೇಳ್ತಾರೆ ಬಿಡು" ಅಂದರು. ನಾನೂ ಬಿಟ್ಟಿದ್ದೆ.

ಇದನ್ನೆಲ್ಲ ಇಂಗ್ಲಿಷಿನಲ್ಲಿ, ಇಷ್ಟೇ ಅಕ್ಷರ ಅನ್ನುವ ಮಿತಿಯೊಳಗೆ, ಗುರುತು ಪರಿಚಯ ಇಲ್ಲದವರಿಗೆ ಬರೆಯುವುದು ಸುಲಭವಲ್ಲ. ಕಷ್ಟ ಹೇಳಿಕೊಂಡು ಭಿಕ್ಷೆ ಬೇಡಿದ ಹಾಗೆ ಅನ್ನಿಸುತ್ತದೆ. ಕೆಲವರು ಈ ಪ್ರಬಂಧಗಳನ್ನು ಬೈಯುತ್ತಾರೆ, ‘ದುಃಖದ ಸ್ಪರ್ಧೆ’ ಅಂತ. ನಾನು ಒಪ್ಪಲ್ಲ. ಅಲ್ಲಿ ಅಳು ಕೇಳುವುದಿಲ್ಲ, ಏನಾಯಿತು ಅಂತ ಕೇಳುತ್ತಾರೆ. ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತಿತ್ತು, ಅಷ್ಟೇ. ಈಗ ಇದನ್ನು ಎಐ ಕೈಲಿ ಬರೆಸಿ ಕಳಿಸುವವರೂ ಇದ್ದಾರೆ. ಅವರ ಬಗ್ಗೆ ನನಗೆ ಕೋಪಕ್ಕಿಂತ ಆಶ್ಚರ್ಯ ಹೆಚ್ಚು. ನಿಮ್ಮ ಹಾಸ್ಟೆಲ್ ಗೇಟು ಎಷ್ಟು ಗಂಟೆಗೆ ಮುಚ್ಚುತ್ತಿತ್ತು ಅಂತ ಅದಕ್ಕೆ ಹೇಗೆ ಗೊತ್ತಿರಬೇಕು?

ಸರಿ, ಪ್ರಬಂಧ ಪಾಸಾಯಿತು. ಆಮೇಲೆ ಬಂದದ್ದು ನಿಜವಾದ ತಿಂಗಳು. ಇದನ್ನು ಕಾಂಟ್ರಿಬ್ಯೂಷನ್ ಅವಧಿ ಅಂತಾರೆ. ಪ್ರಾಜೆಕ್ಟುಗಳ ಪಟ್ಟಿಯಲ್ಲಿ ಒಂದನ್ನೋ ಎರಡನ್ನೋ ಆರಿಸಿಕೊಂಡು, ಆಯ್ಕೆಗೆ ಮೊದಲೇ ಅಲ್ಲಿ ಕೆಲಸ ಮಾಡಿ ತೋರಿಸಬೇಕು. ಸಣ್ಣದಾದರೂ ಒಂದು ಕೆಲಸ ಸ್ವೀಕಾರವಾಗದಿದ್ದರೆ ನಿಮ್ಮ ಅಂತಿಮ ಅರ್ಜಿಯನ್ನು ಯಾರೂ ನೋಡುವುದಿಲ್ಲ. ರೆಸ್ಯೂಮೆ ನೋಡಿ, ಮಾರ್ಕ್ಸ್ ನೋಡಿ, ಅರ್ಧ ಗಂಟೆ ಫೋನಲ್ಲಿ ಮಾತಾಡಿ ತೆಗೆದುಕೊಳ್ಳುವುದಕ್ಕಿಂತ ಇದು ಸಾವಿರ ಪಾಲು ಮೇಲು ಅಂತ ನನ್ನ ಅಭಿಪ್ರಾಯ. ಇದರಲ್ಲಿ ಒಂದು ದೊಡ್ಡ ಅನ್ಯಾಯವೂ ಇದೆ, ಅದಕ್ಕೆ ಆಮೇಲೆ ಬರ್ತೀನಿ.

ನಾನು ಆರಿಸಿಕೊಂಡದ್ದು ವೆಬ್ ಪುಟಗಳಲ್ಲಿ ಹಲವು ಭಾಷೆಗಳನ್ನು ಸರಿಯಾಗಿ ತೋರಿಸುವುದಕ್ಕೆ ಸಂಬಂಧಪಟ್ಟ ಒಂದು ಪ್ರಾಜೆಕ್ಟ್. ಹೆಸರು ಬೇಡ, ಆಯ್ಕೆಯಾಗದವರ ಬಗ್ಗೆಯೂ ಮುಂದೆ ಹೇಳುವುದಿದೆ. ಮೊದಲ ನಾಲ್ಕು ದಿನ ನಾನು ಆ ಚಾಟ್ ರೂಮಿನಲ್ಲಿ ಒಂದಕ್ಷರವೂ ಬರೆಯಲಿಲ್ಲ. ಕೋಡನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಓಡಿಸುವುದಕ್ಕೇ ಆಗುತ್ತಿರಲಿಲ್ಲ. ಏನೋ ಒಂದು ವರ್ಷನ್ ಹೊಂದುತ್ತಿಲ್ಲ ಅನ್ನುವ ಎರರ್. ಪ್ರಶ್ನೆ ಟೈಪ್ ಮಾಡೋದು, ಅಳಿಸೋದು. ಇಂಗ್ಲಿಷ್ ಸರಿ ಇದೆಯಾ ಅಂತ ನೋಡೋದು, ಮತ್ತೆ ಅಳಿಸೋದು. ಕೊನೆಗೆ ಮೆಂಟರ್‌ಗೆ ಗುಟ್ಟಾಗಿ ಒಂದು ಸಂದೇಶ ಕಳಿಸಿದೆ. ಅವರು ಜರ್ಮನಿಯವರು, ಬಹಳ ಒಳ್ಳೆಯ ಮನುಷ್ಯ. "ಇದನ್ನು ಎಲ್ಲರಿಗೂ ಕಾಣುವ ಕಡೆ ಕೇಳಿ, ಉತ್ತರ ಇನ್ನೊಬ್ಬರಿಗೂ ಬೇಕಾದೀತು" ಅಂತ ಒಂದೇ ಸಾಲು ಬರೆದರು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಎಲ್ಲರ ಮುಂದೆ ಕೇಳೋದಾ?

ನಮ್ಮ ಕ್ಲಾಸುಗಳಲ್ಲಿ ಪಾಠ ಮುಗಿದ ಮೇಲೆ "ಎನಿ ಡೌಟ್ಸ್?" ಅಂತ ಕೇಳುತ್ತಾರಲ್ಲ, ಅದು ಪ್ರಶ್ನೆಯೇ ಅಲ್ಲ, ಬೆಲ್ ಆಯಿತು ಅನ್ನುವುದರ ಇನ್ನೊಂದು ರೂಪ. ಕೇಳಿದವನು ದಡ್ಡ, ಇಲ್ಲವೇ ಅಧಿಕಪ್ರಸಂಗಿ. ಹುಡುಗಿ ಕೇಳಿದರಂತೂ ಹಿಂದಿನ ಬೆಂಚಿನಿಂದ ಒಂದು ‘ಓಹೋ’ ಗ್ಯಾರಂಟಿ. ಹದಿನೈದು ವರ್ಷ ಹಾಗೆ ಕೂತು ಬಂದವರನ್ನು ಒಂದು ದಿನ ಇದ್ದಕ್ಕಿದ್ದಂತೆ, ಪ್ರಪಂಚವೆಲ್ಲ ನೋಡುವ ಕಡೆ "ನನಗೆ ಗೊತ್ತಾಗ್ತಿಲ್ಲ" ಅಂತ ಬರಿ ಅಂದರೆ ಹೇಗೆ? ನನ್ನ ಪ್ರಕಾರ ನಮ್ಮ ಹುಡುಗ ಹುಡುಗಿಯರು ಇಲ್ಲಿ ಎಡವುವುದು ಇದೊಂದೇ ಕಾರಣಕ್ಕೆ. ಜಾವಾಸ್ಕ್ರಿಪ್ಟ್ ಬರದೆ ಅಲ್ಲ, ಅದು ಬರುತ್ತದೆ. ‘ಬರಲ್ಲ’ ಅನ್ನೋದನ್ನು ಹೇಳಲಿಕ್ಕೆ ಬರಲ್ಲ.

ನನ್ನ ಅದೃಷ್ಟ, ನಾನು ಅಳಿಸಿ ಅಳಿಸಿ ಇಟ್ಟಿದ್ದ ಪ್ರಶ್ನೆಯನ್ನೇ ಅವತ್ತು ರಾತ್ರಿ ಲೇಗೋಸಿನ ಒಬ್ಬ ಹುಡುಗಿ ಕೇಳಿದಳು. ತಪ್ಪು ಸ್ಪೆಲ್ಲಿಂಗು, ಎರರ್‌ನ ಫೋಟೋವನ್ನು ಮೊಬೈಲಿನಲ್ಲಿ ಓರೆಯಾಗಿ ತೆಗೆದು ಹಾಕಿದ್ದಳು. ಯಾರೂ ನಗಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಉತ್ತರ ಬಂತು. ನನ್ನ ಲ್ಯಾಪ್‌ಟಾಪೂ ಸರಿಹೋಯಿತು. ಮರುದಿನ ನಾನೂ ಕೇಳಿದೆ, ಅದಕ್ಕೆ ಉತ್ತರಿಸಿದವಳು ಅವಳೇ. ರಿಬೇಸ್ ಅಂದರೆ ಏನು, ಮಾಡುವಾಗ ಗಾಬರಿಯಾಗದೆ ಹೇಗೆ ಹಿಂದೆ ಬರುವುದು ಅಂತ ಎಂಟು ಹತ್ತು ಸಂದೇಶಗಳಲ್ಲಿ ಹೇಳಿಕೊಟ್ಟಳು. ಅವಳಿಗೆ ಗೊತ್ತಿತ್ತು, ನಾವಿಬ್ಬರೂ ಅದೇ ಒಂದು ಸೀಟಿಗೆ ಅರ್ಜಿ ಹಾಕಿದವರು ಅಂತ.

ಇನ್ನು ನಾನು ಮಾಡಿದ ಕೆಲಸ. ಕೇಳಿದರೆ ನಿಮಗೆ ನಗು ಬರಬಹುದು, ಅಷ್ಟು ಸಣ್ಣದು. ಒಂದು ಕಡೆ ಉದ್ದದ ಬರಹವನ್ನು ಇಂತಿಷ್ಟು ಅಕ್ಷರಕ್ಕೆ ಕತ್ತರಿಸಿ, ಮುಂದೆ ಮೂರು ಚುಕ್ಕಿ ಹಾಕಿ ತೋರಿಸುತ್ತಿದ್ದರು. ಇಂಗ್ಲಿಷಿನಲ್ಲಿ ಏನೂ ತೊಂದರೆ ಇಲ್ಲ. ನಾನು ಸುಮ್ಮನೆ ಕನ್ನಡ ಹಾಕಿ ನೋಡಿದೆ. ‘ಸ್ತ್ರೀ’ ಅನ್ನುವ ಕಡೆ ಕತ್ತರಿ ಬಿದ್ದು ‘ಸ್ತ್’ ಅಂತ ನಿಂತಿತ್ತು. ಕನ್ನಡ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ, ಇದು ಅರ್ಧ ಕಡಿದು ಉಗುಳಿದ ಹಾಗೆ ಅಂತ. ಆದರೆ ಆ ಗುಂಪಿನಲ್ಲಿ ಕನ್ನಡ ಓದುವವಳು ನಾನೊಬ್ಬಳೇ.

ಕಾರಣ ಹುಡುಕಿದರೆ ಬಹಳ ಚೆನ್ನಾಗಿದೆ. ನಮಗೆ ‘ಸ್ತ್ರೀ’ ಅಂದರೆ ಒಂದು ಅಕ್ಷರ. ಯುನಿಕೋಡಿನಲ್ಲಿ ಅದು ಆರು ಸಂಕೇತಗಳು: ಸ, ಹಲಂತ, ತ, ಹಲಂತ, ರ, ಈ ಕಾರದ ಚಿಹ್ನೆ. ಜಾವಾಸ್ಕ್ರಿಪ್ಟಿಗೆ ಉದ್ದ ಎಷ್ಟು ಅಂತ ಕೇಳಿದರೆ ಆರು ಅನ್ನುತ್ತದೆ, ಆ ಆರರಲ್ಲಿ ಎಲ್ಲಿ ಬೇಕಾದರೂ ಕತ್ತರಿ ಹಾಕುತ್ತದೆ. ಇದಕ್ಕೆಂದೇ ಬ್ರೌಸರುಗಳಲ್ಲಿ ಇಂಟ್ಲ್ ಸೆಗ್ಮೆಂಟರ್ ಅನ್ನುವ ಸೌಲಭ್ಯ ಇದೆ, ಓದುವವರ ಕಣ್ಣಿನ ‘ಅಕ್ಷರ’ಕ್ಕೆ ಹತ್ತಿರವಾಗಿ ತುಂಡು ಮಾಡುತ್ತದೆ. ಗೆದ್ದೆ ಅಂದುಕೊಂಡು ಅದನ್ನು ಬಳಸಿದೆ. ಅದು ಸ್, ತ್, ರೀ ಅಂತ ಮೂರು ತುಂಡು ಮಾಡಿತು! ಅಂದರೆ ಭಾಷೆಗೆ ಆರು, ಲೈಬ್ರರಿಗೆ ಮೂರು, ನಮ್ಮ ಒಂದನೇ ಕ್ಲಾಸಿನ ಮೇಷ್ಟ್ರಿಗೆ ಒಂದು. ಜೊತೆಗೆ ಆಗಿನ್ನೂ ಫೈರ್‌ಫಾಕ್ಸಿನಲ್ಲಿ ಆ ಸೌಲಭ್ಯ ಇರಲಿಲ್ಲ (2024ರ ಏಪ್ರಿಲಿನಲ್ಲಿ ಬಂತು), ಅದಕ್ಕೆ ಬೇರೆ ದಾರಿ ಬರೆಯಬೇಕಿತ್ತು. ನಾನು ಒಂದು ನಿಯಮ ಸೇರಿಸಿದೆ: ತುಂಡು ಹಲಂತದಲ್ಲಿ ಮುಗಿದು ಮುಂದಿನದು ವ್ಯಂಜನದಿಂದ ಶುರುವಾದರೆ ಎರಡನ್ನೂ ಅಂಟಿಸು. ಹಾಗೆ ಅಂಟಿಸಿದರೆ ‘ರಾಜ್‌ಕುಮಾರ್’ ಅಂತ ಬೇಕೆಂದೇ ಬಿಡಿಸಿ ಬರೆದದ್ದು ಏನಾಗುತ್ತದೆ? ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ, ಅದನ್ನು ಗೌರವಿಸಬೇಕು. ಹೀಗೆ ಹನ್ನೊಂದು ಉದಾಹರಣೆ ಬರೆದು, ಪ್ರತಿಯೊಂದಕ್ಕೂ ಕನ್ನಡದವರು ಎಲ್ಲಿ ಕತ್ತರಿಸುತ್ತಾರೆ ಅಂತ ವಿವರಿಸಿ ಕಳಿಸಿದೆ. ಒಟ್ಟು ಕೋಡ್ ನಲವತ್ತು ಸಾಲೂ ಇಲ್ಲ. ವಿಮರ್ಶೆಯಲ್ಲಿ ನಾಲ್ಕು ಸಲ ವಾಪಸ್ ಬಂತು, ಐದನೆಯ ಸಲ ಒಳಗೆ ಹೋಯಿತು.

ಹುಡುಗ ಕೇಳಿದ ಕಾಪಿಯಲ್ಲಿ ಇದು ಯಾವುದೂ ಇಲ್ಲ. ಅಂತಿಮ ಅರ್ಜಿಯಲ್ಲಿ ಇರುವುದು ಹದಿಮೂರು ವಾರದ ವೇಳಾಪಟ್ಟಿ ಮತ್ತು ಮಾಡಿದ ಕೆಲಸದ ಲಿಂಕುಗಳು. ವೇಳಾಪಟ್ಟಿ ಯಾರು ಬೇಕಾದರೂ ಬರೆಯಬಹುದು. ಮೆಂಟರ್ ಆಮೇಲೆ ಒಂದು ಸಲ ಹೇಳಿದ್ದು, ನನ್ನ ಕೋಡ್ ಸಾಧಾರಣವಾಗಿತ್ತು, ನಾಲ್ಕು ಸಲ ವಾಪಸ್ ಬಂದಾಗ ನಾನು ಬರೆದ ಉತ್ತರಗಳು ಅವರಿಗೆ ಹಿಡಿಸಿದವು ಅಂತ. ಅವರ ಮಾತಿಗೆ ಒಂದು ಕಡೆ "ಇಲ್ಲ, ಇದು ಕನ್ನಡದಲ್ಲಿ ಹೀಗಾಗುವುದಿಲ್ಲ" ಅಂತ ಎದುರು ಹೇಳಿದ್ದೆ, ಹೆದರಿಕೊಂಡೇ.

ಆದ್ದರಿಂದಲೇ ಈಗಿನ ಟ್ರೆಂಡ್ ನೋಡಿದರೆ ಹೊಟ್ಟೆ ಉರಿಯುತ್ತದೆ. ದುಡ್ಡು ಕಟ್ಟಿಸಿಕೊಂಡು ಇದಕ್ಕೆ ‘ರೋಡ್‌ಮ್ಯಾಪ್’ ಮಾರುವವರಿದ್ದಾರೆ. ಹಿಂದಿನವರ ಪ್ರಪೋಸಲ್ ಸಂಗ್ರಹ, ಕೀವರ್ಡು, ಎಷ್ಟು ಪುಲ್ ರಿಕ್ವೆಸ್ಟ್ ಕಳಿಸಿದರೆ ‘ಸೇಫ್’ ಅನ್ನುವ ಲೆಕ್ಕ. ಇದರ ಫಲ ಏನು ಅಂತ ಎರಡು ಸಲ ಪ್ರಪಂಚವೇ ನೋಡಿದೆ. 2020ರ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ನಾಲ್ಕು ಪುಲ್ ರಿಕ್ವೆಸ್ಟಿಗೆ ಒಂದು ಟೀ ಶರ್ಟ್ ಅಂದಿದ್ದಕ್ಕೆ ಯಾರ್ಯಾರದೋ ಪ್ರಾಜೆಕ್ಟುಗಳಿಗೆ ಹೋಗಿ ಒಂದೊಂದು ಪದ ಸೇರಿಸಿ ಕಸ ಸುರಿದರು. ಒಪ್ಪಿಗೆ ಕೊಟ್ಟ ಪ್ರಾಜೆಕ್ಟುಗಳು ಮಾತ್ರ ಲೆಕ್ಕಕ್ಕೆ ಅಂತ ನಡೆಸುವವರು ತಿಂಗಳ ಮೊದಲ ವಾರದಲ್ಲೇ ನಿಯಮ ಬದಲಿಸಬೇಕಾಯಿತು. ಆಮೇಲೆ 2024ರಲ್ಲಿ ಎಕ್ಸ್‌ಪ್ರೆಸ್ ಜೆಎಸ್‌ನ ಕಥೆ. ಎಷ್ಟೋ ವೆಬ್‌ಸೈಟುಗಳು ನಿಂತಿರುವುದು ಅದರ ಮೇಲೆ. ಅದರ ರೀಡ್‌ಮಿ ಫೈಲಿಗೆ ತಮ್ಮ ಹೆಸರು ಸೇರಿಸುವ ಪುಲ್ ರಿಕ್ವೆಸ್ಟುಗಳು ರಾಶಿರಾಶಿ ಬಂದವು. ಯಾವುದೋ ಪಾಠದ ವಿಡಿಯೋದಲ್ಲಿ ಉದಾಹರಣೆಗೆ ತೋರಿಸಿದ್ದನ್ನು ಹಾಗೇ ಮಾಡಿದ್ದರು. ಬಹಳಷ್ಟು ಹೆಸರುಗಳು ನಮ್ಮ ದೇಶದ ವಿದ್ಯಾರ್ಥಿಗಳವು ಅಂತ ಎಲ್ಲ ಕಡೆ ಚರ್ಚೆಯಾಯಿತು. ಆ ಪ್ರಾಜೆಕ್ಟುಗಳನ್ನು ನೋಡಿಕೊಳ್ಳುವವರಲ್ಲಿ ಎಷ್ಟೋ ಜನ ಸಂಬಳವಿಲ್ಲದೆ, ತಮ್ಮ ಕೆಲಸ ಮುಗಿಸಿ ರಾತ್ರಿ ಕೂತು ಇದನ್ನು ಮಾಡುವವರು. ಅವರ ಸಂಜೆಯನ್ನು ಕದ್ದ ಹಾಗಲ್ಲವಾ ಇದು? ಇದರ ಪೆಟ್ಟು ಬೀಳುವುದು ನಾಳೆ ನಿಜವಾಗಿ ಕೆಲಸ ಕಲಿತು ಬರುವ ಯಾವುದೋ ಹಾವೇರಿ, ರಾಯಚೂರಿನ ಹುಡುಗಿಗೆ. ಹೆಸರು ನೋಡಿದ ಕೂಡಲೇ "ಇನ್ನೊಂದು ಕಸ ಬಂತು" ಅಂತ ಯಾರಾದರೂ ಅಂದುಕೊಂಡರೆ ಅವರನ್ನು ಬೈಯಲಿಕ್ಕೆ ನಮಗೆ ಬಾಯಿ ಇರುವುದಿಲ್ಲ.

ಈಗ ಆಗಲೇ ಹೇಳಿದ ಅನ್ಯಾಯಕ್ಕೆ ಬರ್ತೀನಿ. ಆ ತಿಂಗಳು ನಾನು ದಿನಕ್ಕೆ ನಾಲ್ಕೈದು ಗಂಟೆ ಕೂತಿದ್ದೇನೆ. ಯಾರಪ್ಪನ ದುಡ್ಡಲ್ಲಿ? ಇವರ ಸಂಬಳದಲ್ಲಿ. ಯಾರ ಸಮಯದಲ್ಲಿ? ಅತ್ತೆಯ ಸಮಯದಲ್ಲಿ. ಮಗಳನ್ನು ಶಾಲೆಯಿಂದ ಕರೆತಂದು, ಊಟ ಮಾಡಿಸಿ, ಮಲಗಿಸಿದ್ದು ಅವರು. "ಏನೋ ನೋಡವಾ, ಸಿಗದಿದ್ರೂ ಚಿಂತಿಲ್ಲ, ಮುಖದಾಗೆ ಕಳೆ ಬಂದೈತಿ" ಅಂತಿದ್ದರು. ಅಂಥ ಅತ್ತೆ ಇಲ್ಲದವಳು, ಒಂದು ತಿಂಗಳು ದುಡಿಯದಿದ್ದರೆ ಬಾಡಿಗೆ ಕಟ್ಟಲಾಗದವಳು ಆ ಅವಧಿಯನ್ನು ದಾಟುವುದಾದರೂ ಹೇಗೆ? ಯಾರನ್ನು ಒಳಗೆ ತರಬೇಕು ಅಂತ ಈ ಕಾರ್ಯಕ್ರಮ ಹುಟ್ಟಿತೋ, ಅವರಲ್ಲೇ ತೀರಾ ಕಷ್ಟದಲ್ಲಿರುವವರನ್ನು ಈ ಒಂದು ತಿಂಗಳು ಹೊರಗೆ ನಿಲ್ಲಿಸುತ್ತದೆ. ಕೆಲಸ ಮಾಡಿಸಿ ನೋಡುವುದು ಒಳ್ಳೆಯ ಪದ್ಧತಿ ಅಂತ ಈಗಷ್ಟೇ ಹೊಗಳಿದೆ, ಆ ಹೊಗಳಿಕೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ಅದಕ್ಕೊಂದು ಮಿತಿ ಬೇಕು. ಎರಡು ಒಳ್ಳೆಯ ಕೆಲಸ ಆದ ಮೇಲೆ ಮೆಂಟರ್‌ಗಳೇ "ಸಾಕು, ನಿಮ್ಮನ್ನು ನೋಡಿಯಾಯಿತು" ಅನ್ನಬೇಕು. ಕೊನೆಯ ದಿನದ ತನಕ ಒಬ್ಬರನ್ನೊಬ್ಬರು ನೋಡಿ ಹೆದರಿಕೊಂಡು ದುಡಿಯುವುದರಲ್ಲಿ ಪ್ರಾಜೆಕ್ಟಿಗೆ ಲಾಭ ಇದೆ, ನಿಜ. ಅದು ಪುಕ್ಕಟೆ ಲಾಭ.

ಫಲಿತಾಂಶ ಬಂದದ್ದು ಮೇ ತಿಂಗಳಲ್ಲಿ. ವಿಧಾನಸಭೆ ಚುನಾವಣೆಯ ಗಲಾಟೆ, ಬೀದಿಯಲ್ಲಿ ಮೂರು ಪಕ್ಷದ ಆಟೋಗಳು ಸರದಿಯಲ್ಲಿ ಕೂಗುತ್ತಿದ್ದವು. ಮೇಲ್ ಓದಿ ಅತ್ತೆಯನ್ನು ಕೂಗಿದರೆ ಅವರಿಗೆ ಕೇಳಿಸಲಿಲ್ಲ :-) ಏಳು ಸಾವಿರ ಡಾಲರ್, ಆಗಿನ ಲೆಕ್ಕದಲ್ಲಿ ಐದೂ ಮುಕ್ಕಾಲು ಲಕ್ಷ ರೂಪಾಯಿ, ಮೂರು ತಿಂಗಳಿಗೆ. ಔಟ್‌ರೀಚಿಯಲ್ಲಿ ಎಲ್ಲ ದೇಶದವರಿಗೂ ಒಂದೇ ಮೊತ್ತ. ಸಮ್ಮರ್ ಆಫ್ ಕೋಡಿನಲ್ಲಿ ಹಾಗಲ್ಲ, ದೇಶದ ಖರೀದಿ ಶಕ್ತಿ ನೋಡಿ ಕೊಡುತ್ತಾರೆ, ನಮ್ಮವರಿಗೆ ಅಮೆರಿಕದವರಿಗಿಂತ ಕಡಿಮೆ. ಅದರ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ, ಆದರೂ ಅದೇ ಪ್ರಾಜೆಕ್ಟು, ಅದೇ ಗಂಟೆಗಳು, ಕೈಗೆ ಬೇರೆ ಬೇರೆ ದುಡ್ಡು ಅನ್ನುವುದು ನನಗೆ ಸರಿಕಾಣದು. ಕಾಳು ಒಂದೇ ಆದರೆ ಸೇರೂ ಒಂದೇ ಇರಬೇಕು.

ಲೇಗೋಸಿನ ಹುಡುಗಿಗೆ ಸಿಗಲಿಲ್ಲ. ನನಗೆ ಮೊದಲ ಅಭಿನಂದನೆ ಬಂದದ್ದು ಅವಳಿಂದ, ನಾನು ಏನು ಬರೆಯಲಿ ಅಂತ ತಿಣುಕುತ್ತಿರುವಾಗಲೇ. ಅವಳ ಕೋಡ್ ನನ್ನದಕ್ಕಿಂತ ಚೆನ್ನಾಗಿತ್ತು ಅಂತ ನಾನು ಪ್ರಾಮಾಣಿಕವಾಗಿ ನಂಬಿದ್ದೇನೆ. ಮೆಂಟರ್‌ಗೆ ಇಬ್ಬರನ್ನೂ ತೆಗೆದುಕೊಳ್ಳುವ ಮನಸ್ಸಿತ್ತು, ಒಬ್ಬರಿಗೆ ಮಾತ್ರ ದುಡ್ಡಿತ್ತು. ಎಷ್ಟು ಸೀಟು ಅನ್ನುವುದು ಪ್ರಾಯೋಜಕರು ಎಷ್ಟು ಕೊಟ್ಟರು ಅನ್ನುವುದರ ಮೇಲೆ ನಿಂತಿದೆ. ಜನರೇಟರಿಗೆ ಪೆಟ್ರೋಲ್ ಹಾಕಿಸಿಕೊಂಡು ಅವಳು ಕೆಲಸ ಮಾಡಿದ್ದಳು. ಆ ಪೆಟ್ರೋಲಿನ ದುಡ್ಡೂ ಅವಳಿಗೆ ಬರಲಿಲ್ಲ. ಆ ಮೂರು ತಿಂಗಳು ನಾನು ಕಟ್ಟಿದ್ದರಲ್ಲಿ ಎರಡು ಕಡೆ ಅವಳು ಮಾರ್ಚಿನಲ್ಲಿ ಬರೆದ ಭಾಗದ ಮೇಲೇ ಕಟ್ಟಿದ್ದೇನೆ. ಹೆಸರು ದಾಖಲೆಯಲ್ಲಿದೆ. ಹೆಸರಿನಿಂದ ಜನರೇಟರ್ ಓಡುತ್ತದಾ?

ಇದನ್ನೆಲ್ಲ ‘ಕ್ರ್ಯಾಕ್ ಮಾಡಿದೆ’ ಅನ್ನುವ ಮಾತಿನಲ್ಲಿ ಎಲ್ಲಿ ಹಿಡಿಸಲಿ? ಲಿಂಕ್ ಕಳಿಸಿದ ಗೆಳತಿ, ಮಗಳನ್ನು ಮಲಗಿಸಿದ ಅತ್ತೆ, ರಿಬೇಸ್ ಹೇಳಿಕೊಟ್ಟ ಎದುರಾಳಿ.. ಅಂದ ಹಾಗೆ, ನನಗೆ ಆಮೇಲೆ ಕೆಲಸ ಸಿಕ್ಕಿತಾ ಅಂತ ಕೇಳುವವರಿಗೆ: ಸಿಕ್ಕಿದೆ, ಮನೆಯಿಂದಲೇ. ಇಂಟರ್ವ್ಯೂನಲ್ಲಿ ಮಗುವಿನ ಬಗ್ಗೆ ಕೇಳಲಿಲ್ಲ.

ಕನ್ನಡದ ವಿಷಯದಲ್ಲಿ ಒಂದು ಆಸೆ ಮಾತ್ರ ಹೇಳಿಕೊಳ್ಳುತ್ತೇನೆ. ಮಲಯಾಳದವರ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಅನ್ನುವ ಬಳಗ 2013ರಲ್ಲೇ ಸಮ್ಮರ್ ಆಫ್ ಕೋಡ್‌ಗೆ ಸಂಸ್ಥೆಯಾಗಿ ಆಯ್ಕೆಯಾಗಿ, ತಮ್ಮ ಭಾಷೆಯ ಕೆಲಸಗಳನ್ನು ವಿದ್ಯಾರ್ಥಿಗಳ ಕೈಲಿ ಮಾಡಿಸಿತ್ತು. ಕನ್ನಡದ ಹೆಸರಲ್ಲಿ ಅಂಥದ್ದೊಂದನ್ನು ನಾನು ಆ ಪಟ್ಟಿಗಳಲ್ಲಿ ನೋಡಿಲ್ಲ. ನಮ್ಮಲ್ಲಿ ಕೆಲಸ ಮಾಡುವವರಿಲ್ಲ ಅಂತಲ್ಲ, ಫಾಂಟು ಮಾಡಿದವರಿದ್ದಾರೆ, ನಿಘಂಟು ಹಾಕಿದವರಿದ್ದಾರೆ, ಒಬ್ಬೊಬ್ಬರೇ ರಾತ್ರಿ ಕೂತು. ಹೊಸಬರನ್ನು ಹೆಸರು ಹಿಡಿದು ಕರೆಯಲು ಒಂದು ಬಾಗಿಲು ಬೇಕಲ್ಲ. ‘ರ‍್ಯಾಂಕ್’ ಅಂತ ಬರೆದದ್ದು ಇವತ್ತಿಗೂ ಎಷ್ಟೋ ಕಡೆ ‘ಯಾರ್ಂಕ್’ ಆಗಿ ಬಿದ್ದಿರುತ್ತದೆ, ನೀವೂ ನೋಡಿರುತ್ತೀರಿ.

ಆ ಹುಡುಗನಿಗೆ ಕಾಪಿ ಕೊಡಲಿಲ್ಲ. ಅವನ ಅಮ್ಮನಿಗೆ ಬೇಜಾರಾದಂತೆ ಕಂಡಿತು, ಮಂಡಕ್ಕಿ ತಿಂದು ಹೋದರು. ಬದಲಿಗೆ ನನ್ನ ಹಳೇ ಪ್ರಾಜೆಕ್ಟಿನಲ್ಲಿ ಯಾರೂ ಮುಟ್ಟದೆ ಬಿದ್ದಿರುವ ಒಂದು ಸಣ್ಣ ಬಗ್‌ನ ಲಿಂಕ್ ಕಳಿಸಿದೆ, ಕನ್ನಡ ಅಂಕಿಗಳದ್ದು, ೧ ಮತ್ತು 1 ಬೇರೆ ಬೇರೆ ಅಂದುಕೊಂಡು ಪಟ್ಟಿಯನ್ನು ತಪ್ಪು ಕ್ರಮದಲ್ಲಿ ಜೋಡಿಸುವಂಥದ್ದು. "ಇದನ್ನ ನೋಡು, ಏನಾದ್ರೂ ಕೇಳೋದಿದ್ರೆ ನನ್ನ ಕೇಳಬೇಡ, ಅಲ್ಲೇ ಎಲ್ಲರ ಮುಂದೆ ಕೇಳು" ಅಂತ ಬರೆದೆ. ಎರಡು ನೀಲಿ ಟಿಕ್ ಬಿದ್ದಿವೆ. ಬುಧವಾರ ರಾತ್ರಿ ಆ ಬಗ್‌ನ ಪುಟ ತೆಗೆದು ನೋಡಿದೆ, ಇನ್ನೂ ಯಾರೂ ಏನೂ ಬರೆದಿಲ್ಲ.